ಏಳನೆಯ ಬಾಟಲಿ

ಕಿಟಕಿಯ ಗಾಜು ನಡುಗುತ್ತಿದೆ, ಬಸ್ಸು ನಿಂತರೂ ನಡುಗುತ್ತಿದೆ, ಡ್ರೈವರ್ ಇಂಜಿನ್ ಆರಿಸದೆ ನಿಲಂಗಾ ಸ್ಟ್ಯಾಂಡಿನಲ್ಲಿ ಚಹಾಕ್ಕೆ ಇಳಿದಿದ್ದಾನೆ, ಎದುರು ಸೀಟಿನ ಮುದುಕ ತಲೆ ಹಿಂದಕ್ಕೆ ಚೆಲ್ಲಿ ನೀರು ಕುಡಿಯುತ್ತಿದ್ದಾನೆ, ಗಂಟಲು ಏರುತ್ತದೆ, ಇಳಿಯುತ್ತದೆ — ಬೇರೆ ಕಡೆ ನೋಡು ಮನಿಷಾ, ಬಾಳೆಹಣ್ಣಿನ ಗಾಡಿ ನೋಡು, ಬೋರ್ಡು ನೋಡು — ಬೀರಪ್ಪಾ, ನನ್ನ ದೇವರೇ, ಈ ಬಸ್ಸನ್ನು ಬೇಗ ಉಮರ್ಗಾ ಮುಟ್ಟಿಸು. ಮಡಿಲಲ್ಲಿ ಬ್ಯಾಗು, ಬ್ಯಾಗಿನಲ್ಲಿ ಪ್ರಯೋಗಾಲಯದ ಕಾಗದ, ಕಾಗದದ ಕೊನೆಯ ಸಾಲಿನಲ್ಲಿ ಏಳನೆಯ ಬಾಟಲಿ, ಅದರಲ್ಲಿ ಸೀಸ, ಇರಬಹುದಾದ ಮಿತಿಯ ಹದಿನಾಲ್ಕು ಪಟ್ಟು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ, ಕಣ್ಣಿಗೆ ಕಾಣದೆ ಎಲ್ಲದರೊಳಗೆ ಇರುವವನು ದೇವರೊಬ್ಬನೇ ಎಂದುಕೊಂಡಿದ್ದೆ. ಕೆಲಸಕ್ಕೆ ಸೇರಿ ಇಪ್ಪತ್ತೆರಡು ದಿನ, ಪರಿಸರ ಸಲಹೆಗಾರ್ತಿ ಎಂದು ನನ್ನ ಕಾರ್ಡು ಇನ್ನೂ ಅಚ್ಚಾಗಿಲ್ಲ, ಉದಗೀರದ ಆ ಕಾಳಿನ ಅಂಗಡಿಯ ಮೇಲಿನ ಒಂದು ಕೋಣೆಯ ಆಫೀಸು, ತೊಗರಿಯ ದೂಳು ಮೆಟ್ಟಿಲು ಹತ್ತಿ ಫೈಲುಗಳ ಮೇಲೆ ಕೂರುತ್ತದೆ, ಅಲ್ಲಿ ಇವತ್ತು ಬೆಳಿಗ್ಗೆ ಮನ್ಮಥಪ್ಪ ಸರ್ ಹಣೆಯ ವಿಭೂತಿ ಒಣಗುವ ಮೊದಲೇ ಈ ಕಾಗದ ಓದಿದರು, ಏಳನೇದ್ದು ಎಲ್ಲಿಂದ ಬಂತು ತಂಗಿ, ಬ್ಯಾಟರಿ ಶೆಡ್ಡಿನ ಮಾಲಕ ತೋರಿಸಿದ್ದು ಆರೇ ಜಾಗ. ಹಳೆ ಊರಿನ ಬಾವಿ ಸರ್, ಅವರ ಶೆಡ್ಡಿನ ಹಿಂದೇ ಅದ. ಹಳೆ ಊರಾಗ ಯಾರದಾರ, ಭೂಕಂಪ ಆದ ಮ್ಯಾಲೆ ಅಲ್ಲಿ ಹಾವು ಚೇಳು ಬಿಟ್ಟು ಯಾರಿಲ್ಲ. ಅದಾರ ಸರ್, ಕುರಿಯವರು. ಅವರು ಕಾಗದವನ್ನು ಎರಡು ಮಡಿಕೆ ಮಾಡಿದರು, ಮೆಲ್ಲಗೆ, ಪ್ರಸಾದದ ಪೊಟ್ಟಣ ಮಡಚುವ ಹಾಗೆ. ವರದಿ ಕ್ಲೈಂಟಿಂದು, ಮೊದಲ ಅಂವಾ ನೋಡ್ಲಿ, ಅಂವಾ ಶೆಡ್ ದೊಡ್ಡದು ಮಾಡ್ಲಾಕ ಪರವಾನಗಿ ಕೇಳ್ಯಾನ, ಬಾವಿ ತಪಾಸಣಿ ಮಾಡಂತ ಕೇಳಿಲ್ಲ, ಅಲ್ಲಿತನಕ ನೀ ಬಾಯಿ ಮುಚ್ಕೊಂಡು ಕುಂದ್ರು. ಸರ್ ಕೆಟ್ಟವರಲ್ಲ, ಮೊದಲ ದಿನ ನಾನು ಡಬ್ಬಿ ತಂದಿರಲಿಲ್ಲವೆಂದು ತಮ್ಮ ಜೋಳದ ಭಕ್ರಿಯನ್ನು ಅರ್ಧ ಮುರಿದು ಕೊಟ್ಟವರು, ಅದಕ್ಕೇ ಸುಮ್ಮನಿರುತ್ತಿದ್ದೆನೋ ಏನೋ, ಆದರೆ ಆಗಲೇ ನನ್ನ ಫೋನು ಬಡಿದುಕೊಂಡಿತು, ಆ ಕುರಿಯವರ ಮನೆಯ ರೇವಣಸಿದ್ಧ.

ಅವನ ದನಿ ಎಷ್ಟು ಖುಷಿಯಲ್ಲಿತ್ತು — ಬಸ್ಸು ಹೊರಟಿತು, ಮುದುಕ ಬಾಟಲಿಗೆ ಮುಚ್ಚಳ ಹಾಕಿದ, ಸದ್ಯ. ಎಂಟು ದಿನದ ಹಿಂದೆ ಯೆಣೆಗೂರದಲ್ಲಿ ಇಳಿದಾಗ ನನಗೂ ಖುಷಿಯೇ ಇತ್ತು, ಹೆಗಲಲ್ಲಿ ಆಫೀಸಿನ ಪೆಟ್ಟಿಗೆ, ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಆ ತಗಡಿನ ಶೆಡ್ಡಿನ ಸುತ್ತ ಆರು ಬಾಟಲಿ ತುಂಬಿಕೊಂಡೆ, ಆಮೇಲೆ ಗೋಡೆಯ ಆಚೆ ಕುರಿಗಳ ಸದ್ದು. ಬಿದ್ದ ಮನೆಗಳ ಕಲ್ಲಿನ ದಿಬ್ಬಗಳು, ಸರಕಾರ ಕಟ್ಟಿದ ಹೊಸ ಊರು ದೂರದಲ್ಲಿ ಸಾಲು ಸಾಲು, ಇಲ್ಲಿ ಉಳಿದದ್ದು ಬೀರಪ್ಪನ ಗುಡಿ, ಗುಡಿ ಮುಂದಿನ ಬಾವಿ, ಇವೆರಡನ್ನು ಬಿಟ್ಟು ಹೋಗದ ಒಂದು ಮನೆತನ. ಬಾವಿಯ ಬಾಯಿಗೆ ಜಾಲಿಮುಳ್ಳು ಹೇರಿದ್ದರು. ಮಾಳಮ್ಮ, ರೇವಣಸಿದ್ಧನ ಅಜ್ಜಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಷ್ಟ ಸಣ್ಣ ಪೋರಿ ಕಳಿಸ್ಯಾರ, ಆಫೀಸಾಗ ಗಂಡಸರು ತೀರ್ಯಾರೇನು? ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡು ವರ್ಷದಿಂದ ಮರಿಗಳು ಹುಟ್ಟಿ ಕಾಲೂರದೆ ಬೀಳುತ್ತಿದ್ದವಂತೆ, ಅದಕ್ಕೆ ಮುದುಕಿಯೇ ಮುಳ್ಳು ಹಾಕಿಸಿ, ಯಾರಾದರೂ ಬಲ್ಲವರು ಬಂದು ನೋಡಿ ಹೇಳುವವರೆಗೆ ಈ ನೀರು ಯಾರೂ ಮುಟ್ಟಬಾರದು ಎಂದಿದ್ದಳು. ಬಲ್ಲವರು! ಅರ್ಜಿ ಮೇಲೆ ಅರ್ಜಿ, ಯಾರೂ ಬಂದಿರಲಿಲ್ಲ. ಯಾರ ಪೈಕಿ ಯವ್ವಾ ನೀ? ಬೀರಪ್ಪನ ಒಕ್ಕಲರೀ, ನಿಲಂಗಾ ಕಡೆಯವರು. ಅಯ್ಯ ನಮ್ಮಾಕಿ, ನಮ್ಮಾಕಿ ಬಂದಾಳ. ಮುಳ್ಳು ಸರಿಸಿದರು, ಒಂದು ಕೊಡ ಸೇದಿದರು, ನಾನು ಏಳನೆಯ ಬಾಟಲಿ ತುಂಬಿದೆ, ಅದೇ ಕೊಡದಿಂದ ಮಾಳಮ್ಮ ಒಂದು ತಂಬಿಗೆ ತುಂಬಿ, ಗುಡಿಯ ಅರಿಶಿನದ ಭಂಡಾರ ಚಿಟಿಕೆ ಉದುರಿಸಿ, ಕುಡಿ ಯವ್ವಾ, ಬಿಸಲಾಗ ಬಂದೀದಿ. ಮಾದರಿಯ ನೀರು ಬಾಯಿಗೆ ಹಾಕಬಾರದು, ಪ್ರ್ಯಾಕ್ಟಿಕಲ್ ಕ್ಲಾಸಿನ ಮೊದಲ ಪಾಠ, ವಹಿಯಲ್ಲಿ ಕೆಂಪು ಗೆರೆ ಎಳೆದು ಬರೆದುಕೊಂಡಿದ್ದೆ, ಆದರೆ ಆ ಕೈ ಮುದುಕಿಯ ಕೈ, ಹಸಿರು ಹಚ್ಚೆಯ ಕೈ — ಭೂಕಂಪದ ಆ ಬೆಳಗು, ಆರು ವರ್ಷದ ನಾನು ಬಿದ್ದ ಗೋಡೆಯಡಿ, ಎದೆಯ ಮೇಲೆ ಅವ್ವನ ತೋಳು, ತೋಳು ತಣ್ಣಗಾಗಿದೆ, ಹೊತ್ತು ಏರುತ್ತಿದೆ, ಕಲ್ಲುಗಳ ಸಂದಿಯಿಂದ ಒಂದು ಸುಕ್ಕುಗಟ್ಟಿದ ಕೈ, ಒದ್ದೆ ಸೆರಗು ಹಿಂಡಿದ ಹನಿ, ಕುಡಿ ಮಗಾ, ಕುಡಿ, ಮುಖ ಕಾಣಲೇ ಇಲ್ಲ, ಹಚ್ಚೆಯಷ್ಟೇ ಕಂಡಿತು. ಅಂದಿನಿಂದ ಮುದುಕಿಯರು ಕೊಟ್ಟ ನೀರನ್ನು ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ. ಕುಡಿದೆ. ತಂಬಿಗೆ ಪೂರಾ ಕುಡಿದೆ. ಮಾಳಮ್ಮ, ರೇವಣಸಿದ್ಧ, ಅವನ ಹೆಂಡತಿ ಸುಗಂಧಾ, ಏಳು ತಿಂಗಳ ಬಸುರಿ, ಗುಡಿಯ ಪೂಜಾರಿ ಬಕ್ಕಪ್ಪ, ಎಲ್ಲರ ಕಣ್ಣೂ ನನ್ನ ಗಂಟಲ ಮೇಲೆ, ಏರಿದ್ದನ್ನು ಇಳಿದದ್ದನ್ನು ಎಣಿಸುವ ಹಾಗೆ, ನನ್ನ ಭಕ್ತಿ ನೋಡುತ್ತಿದ್ದಾರೆ ಎಂದುಕೊಂಡೆ, ಮೂರ್ಖೆ. ನನ್ನ ಗಂಟಲಲ್ಲೇ ಅವರು ವರದಿ ಓದುತ್ತಿದ್ದರು. ಮೇಡಮ್, ಮುಳ್ಳ ಸುಟ್ಟೇವ್ರಿ, ಎಂದ ಇವತ್ತು ಬೆಳಿಗ್ಗೆ ಫೋನಿನಲ್ಲಿ ರೇವಣಸಿದ್ಧ, ನೀವು ಹ್ವಾದ ದಿನಾನ ಸುಟ್ಟೇವು, ಕಾಗದ ಯಾವಾಗರೆ ಬರ್ಲಿ, ತಪಾಸಣಿ ಮಾಡೂ ಹೆಣ್ಮಗಳೇ ದೇವರ ಮುಂದ ಕುಡದಾಳ ಅಂತ ಅಜ್ಜಿ ಊರೆಲ್ಲ ಸಾರ್ಯಾಳ, ಹೊಸ ಊರಿನವರೂ ಕೊಡ ತರ್ಲತ್ಯಾರ. ಕುಡೀಬ್ಯಾಡ್ರಿ, ನಿಲ್ಲಸ್ರಿ, ಎಂದು ಚೀರಿದೆ, ಅತ್ತ ಬರೀ ಗಾಳಿ, ಕುರಿಗಳು, ಲೈನು ಕಡಿಯಿತು. ಕಾಗದ ಎತ್ತಿಕೊಂಡು ಮೆಟ್ಟಿಲಿಳಿದೆ. ಬಸ್ ಹತ್ತಿದ್ರ ತಿರುಗಿ ಈ ಮೆಟ್ಟಿಲ ಹತ್ತಬ್ಯಾಡ ಮನಿಷಾ, ಎಂದರು ಸರ್, ಸಿಟ್ಟಿನಿಂದಲ್ಲ, ದುಃಖದಿಂದ.

ಉಮರ್ಗಾ ಬಂತು, ಬಸ್ಸು ಬದಲಾಯಿತು, ಯೆಣೆಗೂರ ಬಂತು, ಧಾಬಾಗಳ ಹೊಗೆ, ನಡೆಯುತ್ತಿದ್ದೇನೆ, ಓಡುತ್ತಿದ್ದೇನೆ, ಶೆಡ್ಡಿನ ಗೋಡೆ ದಾಟಿದೆ, ಬಾವಿಯ ಕಟ್ಟೆಗೆ ಸುಣ್ಣ ಬಳಿದಿದ್ದಾರೆ, ಕೊಡಗಳ ಸಾಲು, ಬಂದ್ಲು ನೋಡ್ರಿ ನಮ್ಮಾಕಿ, ಮಾಳಮ್ಮ ನಗುತ್ತ ಎದ್ದಳು. ಆಯಿ, ಈ ನೀರು ಕುಡೀಬ್ಯಾಡ್ರಿ, ವಿಷ ಅದ, ಕಾಗದ ಬಂದದ. ನಗು ಅಲ್ಲೇ ನಿಂತಿತು. ಏನಾಗ್ಯದ ನಿನಗ? ಜ್ವರಾ ಬಂತೇನು, ವಾಂತಿ ಆತೇನು? ಇಲ್ಲ ಆಯಿ, ಇದು ಹಂಗಲ್ಲ, ನಿಧಾನ, ರಕ್ತದಾಗ ಕೂಡ್ಕೋತ ಹೋಗ್ತದ, ಸಣ್ಣ ಮಕ್ಕಳಿಗಿ, ಹೊಟ್ಟ್ಯಾಗಿನ ಕೂಸಿಗಿ — ಬಕ್ಕಪ್ಪ ಕೈ ಎತ್ತಿದ, ತಿಳೀತು ಬಿಡು, ಶೆಡ್ಡಿನಂವ ಕಳಿಸ್ಯಾನ, ಬಾವಿ ಬಿಡಿಸಿದ್ರ ನಾವು ಗುಡಿ ಬಿಡ್ತೇವು, ಗುಡಿ ಬಿಟ್ರ ಶೆಡ್ ಇಲ್ಲಿತನಕ ಬರ್ತದ. ಅಲ್ಲ ಕಾಕಾ, ಶೆಡ್ಡಿನಿಂದಲೇ ಈ ವಿಷ — ಕಾಗದ ಚಾಚಿದೆ, ಯಾರೂ ಮುಟ್ಟಲಿಲ್ಲ. ಮಾಳಮ್ಮ ಹತ್ತಿರ ಬಂದು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು, ಕಣ್ಣು ನೋಡಿದಳು, ನಾಲಿಗೆ ನೋಡಿದಳು, ಕುರಿ ನೋಡುವ ಹಾಗೆ. ಗಟ್ಟಿ ಅದಾಳ, ಎಂದಳು ನೀರಿಗೆ ನಿಂತವರ ಸಾಲಿಗೆ. ಮತ್ತೆ ನನಗೆ, ಬೀರಪ್ಪನ ಮುಂದ ಕುಡದದ್ದು ಖರೇನೋ, ಈ ಕಾಗದ ಖರೇನೋ, ಒಂದ ಹೇಳು. ಕಾಗದ ಖರೇ ಆಯಿ. ಹಂಗಾದ್ರ ಅಂದು ಯಾಕ ಕುಡದಿ? ನಿಮ್ಮ ಕೈ ಅಂತ ಕುಡದೆ — ಇದನ್ನು ಹೇಗೆ ಹೇಳುವುದು, ಗೋಡೆಯಡಿಯ ಆ ಹನಿಯನ್ನು ಇವರಿಗೆ ಯಾವ ಭಾಷೆಯಲ್ಲಿ ಹೇಳುವುದು, ಕಾಗದವನ್ನೇ ಮತ್ತೆ ಚಾಚಿದೆ, ಅವರು ಕಾಗದ ಬಿಟ್ಟು ನನ್ನ ಮುಖವನ್ನೇ ಓದಿಕೊಂಡರು. ಬೀರಪ್ಪಾ, ಈಗ ನನ್ನನ್ನು ಕೆಡವು, ಇಲ್ಲೇ, ಇವರ ಮುಂದೆ, ರಕ್ತ ಕಾರಿಸು, ಕಾಲು ಸೋಲಿಸು, ಜನ್ಮದಲ್ಲಿ ಏನೂ ಬೇಡಿಲ್ಲ ನಿನ್ನನ್ನು, ಇದೊಂದು ಕೊಡು — ಕಾಲುಗಳು ಗಟ್ಟಿಯಾಗಿ ನಿಂತಿವೆ, ಉಸಿರು ಸರಾಗ, ಮೈ ತುಂಬ ಆರೋಗ್ಯ, ನನ್ನ ಮೈಯೇ ನನ್ನ ಮಾತನ್ನು ಸುಳ್ಳು ಮಾಡುತ್ತ ನಿಂತಿದೆ. ಇರ್ಲಿ ಬಿಡ್ರಿ, ಯಾಕ ಬೈತೀರಿ, ಬಿಸಲಾಗ ಬಂದಾಳ ಪಾಪ, ಹೆದರ್ಯಾಳ, ಎಂದಳು ಸುಗಂಧಾ, ಕೊಡಕ್ಕೆ ತಂಬಿಗೆ ಅದ್ದಿದಳು, ನೋಡಕ್ಕಾ, ಏನೂ ಆಗಲ್ಲ, ಒಂದು ಕೈ ಹೊಟ್ಟೆಯ ಮೇಲೆ, ಒಂದು ಕೈ ತಂಬಿಗೆಗೆ, ನನ್ನನ್ನೇ ನೋಡುತ್ತ, ನನಗೆ ಧೈರ್ಯ ಕೊಡಲೆಂದು ನಗುತ್ತ ಎತ್ತಿದಳು, ಹಿಡಿಯಲು ಹೋದ ನನ್ನ ತೋಳನ್ನು ಮಾಳಮ್ಮ ಹಿಡಿದಿದ್ದಾಳೆ, ಹಸಿರು ಹಚ್ಚೆಯ ಬೆರಳು, ಬಿಡು ಆಯಿ, ಬಿಡು — ಸುಗಂಧಾಳ ಗಂಟಲು, ತೆಳ್ಳನೆಯ ಗಂಟಲು, ಏರುತ್ತದೆ, ಇಳಿಯುತ್ತದೆ, ಏರುತ್ತದೆ