ದವಾಖಾನೆ ಗಾಡಿಯ ಸೊಟ್ಟ ಚಪ್ಪರ

ಗೊಲ್ಲಾಳಪ್ಪನಿಗೆ ಇಬ್ಬರು ಹೆಂಡಿರು ಎಂದು ಚಿತ್ತಾಪುರದ ಬಸ್ ಸ್ಟ್ಯಾಂಡಿನಲ್ಲಿ ನಗೆಯಾಡುತ್ತಿದ್ದರು. ಒಬ್ಬಾಕೆ ಮನೆಯಲ್ಲಿ ರೊಟ್ಟಿ ಬಡಿಯುವವಳು, ಇನ್ನೊಬ್ಬಳು ಅವನು ಓಡಿಸುವ ಸಂಚಾರಿ ದವಾಖಾನೆಯ ಗಾಡಿ. ನಗುವವರದು ತಪ್ಪೂ ಅಲ್ಲ ಬಿಡಿ. ಮುಂಜಾನೆ ಎದ್ದು ತನ್ನ ಮುಖ ತೊಳೆಯುವ ಮೊದಲು ಗಾಡಿಯ ಮುಖ ತೊಳೆಯುವ ಡ್ರೈವರ್ ಆ ಸೀಮೆಯಲ್ಲಿ ಅವನೊಬ್ಬನೇ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ವರ್ಷ ದಾಟಿದ್ದರೂ ಗಾಡಿಯ ಬಾಗಿಲ ಮೇಲೆ ಇನ್ನೂ ಮೈಸೂರು ಎಂದೇ ಬರೆದಿತ್ತು. ಆ ಅಕ್ಷರಗಳನ್ನೂ ಅವನು ಅರಿವೆಯಿಂದ ಉಜ್ಜಿ ಹೊಳೆಯಿಸುತ್ತಿದ್ದ.

ಗಾಡಿಗಿಂತ ಹೆಚ್ಚಿನ ಅಭಿಮಾನ ಅದರ ಚಪ್ಪರದ ಮೇಲೆ. ದಪ್ಪ ಖಾಕಿ ಬಟ್ಟೆಯ ಒಂದಂಚನ್ನು ಗಾಡಿಯ ನೆತ್ತಿಗೆ ಬಿಗಿದು, ಇನ್ನೊಂದಂಚನ್ನು ಗಾಡಿಯುದ್ದದ ಕಬ್ಬಿಣದ ಕೊಳವೆಗೆ ಹೊಲಿದಿದ್ದರು. ಕೊಳವೆಯನ್ನು ಹೊರಗೆಳೆದು ಎರಡು ಕಂಬಗಳ ಮೇಲೆ ನಿಲ್ಲಿಸಿದರೆ ಒಂದು ಮನೆಮಂದಿಯೆಲ್ಲ ಕೂರುವಷ್ಟು ನೆರಳು. ಹೊರಡುವಾಗ ಕೊಳವೆಯನ್ನು ತಿರುಗಿಸುತ್ತ ಹೋದರೆ ಬಟ್ಟೆ ಅದಕ್ಕೆ ಸುತ್ತಿಕೊಂಡು ಮೇಲೇರಿ, ಮುಂದಿನ ತುದಿ ಮುಂದಿನ ಕೊಕ್ಕೆಗೂ ಹಿಂದಿನ ತುದಿ ಹಿಂದಿನ ಕೊಕ್ಕೆಗೂ ಬಂದು ಕೂರುತ್ತಿತ್ತು. ಶಹಾಬಾದಿನ ಕಲ್ಲು ಖಣಿಗಳಲ್ಲಿ, ವಾಡಿಯ ರೈಲು ಹಳಿಯ ಪಕ್ಕದಲ್ಲಿ ಮರವೆಂಬುದು ಹೆಸರಿಗೂ ಇಲ್ಲ. ಅಲ್ಲಿ ಈ ನೆರಳೇ ಅರ್ಧ ಔಷಧ ಎಂದು ಡಾಕ್ಟರ್ ನಾಗೇಂದ್ರಪ್ಪನವರೇ ಒಮ್ಮೆ ಅಂದಿದ್ದರು. ಆ ಮಾತನ್ನು ಗೊಲ್ಲಾಳಪ್ಪ ಹೋದ ಊರಲ್ಲೆಲ್ಲ ಹೇಳಿಕೊಂಡು ಬಂದ.

ಆ ಬೇಸಿಗೆಯಲ್ಲಿ ಸುಲೇಪೇಟದಲ್ಲಿ ಸುಂಟರಗಾಳಿ ಬೀಸಿ ಚಪ್ಪರದ ಮುಂದಿನ ಭಾಗ ಹರಿದುಹೋಯಿತು. ಅವನು ಶಹಾಬಾದಿಗೆ ಬಂದು ಲಾರಿಗಳ ತಾಡಪತ್ರಿ ಹೊಲಿಯುವ ಫಕೀರಸಾಬನ ಮುಂದೆ ಬಟ್ಟೆ ಹರವಿದ. ಫಕೀರಸಾಬ ಹೊಸ ಬಟ್ಟೆಯ ತಾನನ್ನು ಎಳೆದು, ಬೆರಳಲ್ಲಿ ತಿಕ್ಕಿ ನೋಡಿದ.

"ಕೋರಾ ಬಟ್ಟಿ ಅದ ಭಾಯಿ. ಎರಡ ದಿನ ನೀರಾಗ ನೆನಿಯಿಟ್ಟು, ಒಣಗಿಸಿ ಹೊಲಿತೀನಿ. ಇಲ್ಲಾಂದ್ರ ಮಳಿ ಬಿದ್ದಾಗ ಎಳಕೊಂಡು ಗಿಡ್ಡ ಆಗ್ತದ."

"ಎರಡ ದಿನ ನನ್ನ ಗಾಡಿ ಬೋಳ ಬೋಳ ತಿರಗಬೇಕೇನು? ಮಂದಿ ಬಿಸಲಾಗ ಸಾಯಬೇಕೇನು? ಈಗ ಹೊಲಿ. ಸಂಜಿಕ ಒಯ್ತೀನಿ."

"ನೆನಿಸಿದ್ರ ಚಲೋ ಇರ್ತದಪಾ..."

"ಹೊಲಿ ಅಂದ್ರ ಹೊಲಿ ಮಾರಾಯ!"

ಫಕೀರಸಾಬ ಹೆಗಲು ಕುಣಿಸಿ ಮಷಿನ್ನಿನ ಮುಂದೆ ಕೂತ. ಹೊಲಿಗೆ ಚಂದ ಬಂತು. ಹಳೆಯದು ಯಾವುದು ಹೊಸದು ಯಾವುದು ಎಂದು ಬಣ್ಣ ನೋಡಿಯೇ ಹೇಳಬೇಕು, ಹಾಗೆ. ನೆನೆಸುವ ಮಾತನ್ನು ಗೊಲ್ಲಾಳಪ್ಪ ಅಂದೇ ಸಂಜೆ ಮರೆತ.

ಸೋಮವಾರಕ್ಕೊಮ್ಮೆ ಗಾಡಿ ಶಹಾಬಾದಿನಾಚೆಯ ಒಂದು ಖಣಿಯ ಬಳಿ ನಿಲ್ಲುತ್ತಿತ್ತು. ಅಲ್ಲಿಗೆ ಸಾಬಮ್ಮ ಬರುತ್ತಿದ್ದಳು. ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೊರುವವಳು, ಗಂಡ ಲಾರಿಗೆ ಕಲ್ಲು ಹೇರುವವನು. ಎದೆಯಲ್ಲಿ ಕ್ಷಯ ಕೂತಿತ್ತು. ವಾರ ವಾರವೂ ಗುಳಿಗೆ ಒಯ್ಯಬೇಕು. "ಮೈ ಹಗುರ ಆಯ್ತಂತ ನಡುವ ಬಿಟ್ಟಿ ಅಂದ್ರ ಬ್ಯಾನಿ ಮೊದಲಿಗಿಂತ ಜೋರ ಎದ್ದು ಕುಂದ್ರತದ, ತಂಗಿ" ಎಂದು ಡಾಕ್ಟರು ಪ್ರತಿ ಸಲವೂ ಹೇಳುತ್ತಿದ್ದರು. ಅವಳು ಪ್ರತಿ ಸಲವೂ ತಲೆಯಾಡಿಸುತ್ತಿದ್ದಳು. ಒಂದು ವಾರವೂ ತಪ್ಪಿಸಿದವಳಲ್ಲ. ಕೆನ್ನೆಯಲ್ಲಿ ಕಳೆ ಬರತೊಡಗಿತ್ತು.

ಅವಳಿಗೊಂದು ಹೆಣ್ಣು ಕೂಸು. ಬಂದವಳೇ ಹಳೇ ಸೀರೆಯನ್ನು ಚಪ್ಪರದ ಕೊಳವೆಗೆ, ಹಿಂದಿನ ಕಂಬದ ಹತ್ತಿರ, ಜೋಳಿಗೆ ಕಟ್ಟಿ ಕೂಸನ್ನು ಮಲಗಿಸುವಳು. ಗುಡಿಸಲಿಗೆ ಹಾಸಿದ ಕಲ್ಲಿನ ಮಾಡು ಹಗಲೆಲ್ಲ ಹಂಚಿನಂತೆ ಕಾಯುತ್ತಿತ್ತು. ಕೂಸು ಕಣ್ಣು ತುಂಬ ನಿದ್ದೆ ಮಾಡುತ್ತಿದ್ದುದು ವಾರಕ್ಕೊಮ್ಮೆ, ಗಾಡಿಯ ನೆರಳಿನಲ್ಲಿ. ಗೊಲ್ಲಾಳಪ್ಪ ಅತ್ತಿತ್ತ ಓಡಾಡುವಾಗ ತಾನೂ ಜೋಳಿಗೆಗೆ ಒಂದು ತೂಗು ಕೊಟ್ಟು ಹೋಗುವುದಿತ್ತು. ಅದನ್ನು ನೆನೆದರೆ ಈಗಲೂ ಅವನಿಗೆ ಸಂಕಟವಾಗುತ್ತದೆ.

ಮಳೆಗಾಲ ಬಂತು. ನಾಲ್ಕು ಮಳೆ ಬಿದ್ದವು ನೋಡಿ, ಚಪ್ಪರ ಸೊಟ್ಟ ಮುಚ್ಚತೊಡಗಿತು. ಮುಂದಿನ ತುದಿ ಕೊಕ್ಕೆಗೆ ಬಂದು ಕೂತರೂ ಹಿಂದಿನದು ಗೇಣುದ್ದ ಕೆಳಗೇ ಜೋತಾಡುವುದು. ದಾರಿಯುದ್ದಕ್ಕೂ ಪಟಪಟನೆ ಬಡಿದುಕೊಳ್ಳುವುದು. ಗೊಲ್ಲಾಳಪ್ಪ ಕೊಕ್ಕೆಗೆ ಎಣ್ಣೆ ಬಿಟ್ಟ, ಕೊಳವೆಯನ್ನು ಕಮ್ಮಾರನ ಹತ್ತಿರ ಒಯ್ದು ನೆಟ್ಟಗಿದೆಯೇ ನೋಡಿಸಿದ, ಕೊಕ್ಕೆ ಕಿತ್ತು ಕೆಳಗಿಳಿಸಿದ. ಏನು ಮಾಡಿದರೂ ಹಾಳಾದ್ದು ಸರಿಹೋಗಲಿಲ್ಲ. ವಾಡಿಯಲ್ಲಿ ಚಹಾ ಕುಡಿಯುವವರೆಲ್ಲ "ಗೊಲ್ಲಾಳಪ್ಪನ ಎರಡನೇ ಹೆಂಡತಿಗಿ ಲಕ್ವಾ ಹೊಡದದ" ಎಂದು ಹೊಟ್ಟೆ ಹಿಡಿದು ನಕ್ಕರು. ಮೇಲಿನಿಂದ ತಪಾಸಣೆಗೆ ಬಂದ ಸಾಹೇಬರೂ ಜೋತುಬಿದ್ದ ತುದಿಯನ್ನು ಛತ್ರಿಯಿಂದ ಮುಟ್ಟಿ, "ಇದೇನಯ್ಯಾ?" ಎಂದು ತುಟಿ ಕೊಂಕಿಸಿ ಹೋದರು.

ಅದಾದ ಎರಡು ದಿನಕ್ಕೆ ಸೋಮವಾರ. ಗೊಲ್ಲಾಳಪ್ಪನ ತಲೆಯಲ್ಲಿ ಆ ಛತ್ರಿ ಇನ್ನೂ ಚುಚ್ಚುತ್ತಲೇ ಇತ್ತು. ತಿರುಗಿ ನೋಡುತ್ತಾನೆ, ಹಿಂದಿನ ತುದಿಯಲ್ಲಿ ಸಾಬಮ್ಮನ ಜೋಳಿಗೆ ತೂಗಾಡುತ್ತಿದೆ. ಜೋತಿರುವುದು ಹಿಂದಿನ ತುದಿ, ಕೂಸು ಜೋತಿರುವುದೂ ಹಿಂದಿನ ತುದಿಗೇ. ಇನ್ನೇನು ಬೇಕು? ಅವನ ನೆತ್ತಿಗೇರಿತು.

"ಏ ಸಾಬಮ್ಮ! ಇದೇನು ನಿಮ್ಮಪ್ಪನ ಮನಿ ತೊಲಿ ಅಂತ ತಿಳದೀಯೇನು? ನಿನ್ನ ಕೂಸಿನ ಭಾರಕ್ಕ ಸರ್ಕಾರದ ಬಟ್ಟಿ ಜಗ್ಗಿ ಹಾಳಾಗ್ಯದ! ನಿನ್ನ ಸಲುವಾಗಿ ನಾ ಊರಮಂದಿ ಕೈಲಿ ನಗಿಸ್ಕೊಳ್ಳಾಕತ್ತೀನಿ. ಬಿಚ್ಚು ಮೊದಲ! ಇನ್ನೊಮ್ಮಿ ಈ ಚಪ್ಪರದ ಬುಡಕ ಬಂದಿ ಅಂದ್ರ ನೋಡು!"

ಕೂತಿದ್ದ ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದರು. ಡಾಕ್ಟರು ಗಾಡಿಯೊಳಗೆ ಯಾವುದೋ ಮುದುಕನ ಕೀವು ತೆಗೆಯುತ್ತಿದ್ದರು. ಮುದುಕನ ಚೀರಾಟದಲ್ಲಿ ಅವರಿಗೆ ಹೊರಗಿನದು ಕೇಳಿಸಲಿಲ್ಲ. ಸಾಬಮ್ಮ ಎದ್ದು ಗಂಟು ಬಿಚ್ಚಿದಳು. ಕೂಸು ಎಚ್ಚರಗೊಂಡು ಅಳತೊಡಗಿತು. ಅದನ್ನು ಹೆಗಲಿಗೆ ಹಾಕಿಕೊಂಡು ಅವಳು ಮೇಲಿನ ಬಟ್ಟೆಯನ್ನೊಮ್ಮೆ ನೋಡಿ, ಅದರ ಅಂಚನ್ನು ಮುಟ್ಟಿದಳು.

"ಖರೇನೇ ನನ್ನಿಂದ ಆಯ್ತೇನ್ರಿ ಅಣ್ಣಾ?"

"ಮತ್ತೇನು, ನನ್ನಿಂದ ಆಯ್ತೇನು?"

ಅವಳು ಸೀರೆಯನ್ನು ಮಡಚಿ ಬಗಲಿಗಿಟ್ಟುಕೊಂಡಳು. ಗುಳಿಗೆಯನ್ನೂ ತೆಗೆದುಕೊಳ್ಳದೆ ಬಿಸಿಲಲ್ಲಿ ನಡೆದುಹೋದಳು.

ಮುಂದಿನ ಸೋಮವಾರ ಅವಳು ಬರಲಿಲ್ಲ. ಸಂಜೆ ನಾಗೇಂದ್ರಪ್ಪನವರು ಕೈ ತೊಳೆಯುತ್ತ, "ಸಾಬಮ್ಮ ಕಾಣಲಿಲ್ಲಲ್ಲ, ಎಲ್ಲಿಗಿ ಹೋದ್ಳು?" ಎಂದರು.

"ತವರೂರಿಗಿ ಹೋಗ್ಯಾಳಂತ್ರಿ ಸಾಹೇಬ್ರ."

ಇಷ್ಟೇ. ಮೂರು ಮಾತು. ಯಾರೂ ಅವನಿಗೆ ಹಾಗೆ ಹೇಳಿರಲಿಲ್ಲ. ಖರೆ ಹೇಳಿದರೆ ಬೈದದ್ದನ್ನೂ ಹೇಳಬೇಕಲ್ಲ, ಅದಕ್ಕೇ ನಾಲಗೆ ತಾನಾಗಿ ಹೊರಳಿತು. ಡಾಕ್ಟರು ಅಲ್ಲಿನ ದವಾಖಾನೆಗಾದರೂ ಹೋಗಲಿ ಎಂದು ಗೊಣಗಿದರು. ಅವಳ ಗುಡಿಸಲು ಗಾಡಿ ನಿಲ್ಲುವ ಜಾಗದಿಂದ ಕೂಗಳತೆಯಲ್ಲಿತ್ತು. ಗೊಲ್ಲಾಳಪ್ಪ ಆ ಕಡೆ ಮುಖ ಮಾಡಿಯೂ ನೋಡಲಿಲ್ಲ. ವಾರಗಳು ಉರುಳಿದವು. ಜೋಳಿಗೆ ಹೋದರೂ ಚಪ್ಪರದ ಸೊಟ್ಟ ಹೋಗಲಿಲ್ಲ. ಒಮ್ಮೆ ಜಗ್ಗಿದ ಬಟ್ಟೆ ಮತ್ತೆ ಕೂಡುತ್ತದೆಯೇ ಎಂದು ಅವನು ತನಗೆ ತಾನೇ ಹೇಳಿಕೊಂಡ.

ದಸರೆ ಕಳೆದ ಮೇಲೆ, ಹಿಂದಿನ ತುದಿಯನ್ನು ಗೇಣುದ್ದ ಕತ್ತರಿಸಿಬಿಡು ಎನ್ನಲು ಅವನು ಚಪ್ಪರ ಬಿಚ್ಚಿಕೊಂಡು ಫಕೀರಸಾಬನಲ್ಲಿಗೆ ಹೋದ. ಫಕೀರಸಾಬ ಕತ್ತರಿ ಎತ್ತಲಿಲ್ಲ. ಬಟ್ಟೆಯನ್ನು ಅಂಗಳದ ಕಲ್ಲಿನ ಮೇಲೆ ಹರವಿ, ಒಂದು ಹಗ್ಗ ತಂದು ಹಿಂದಿನ ಅಂಚನ್ನು ಅಳೆದ. ಅದೇ ಹಗ್ಗವನ್ನು ನಟ್ಟನಡುವೆ ಇಟ್ಟ. ಅಲ್ಲೂ ಹಳೆಯ ಬಟ್ಟೆ, ಅಲ್ಲೂ ಅದೇ ಅಳತೆ. ಆಮೇಲೆ ಮುಂದಿನ ಹೊಸ ಬಟ್ಟೆಯ ಮೇಲೆ ಇಟ್ಟ. ಹಗ್ಗ ಗೇಣುದ್ದ ಹೊರಗೆ ಉಳಿಯಿತು.

"ಹಿಂದಿಂದು ಜಗ್ಗಿಲ್ಲ ಭಾಯಿ, ಬರೋಬ್ಬರಿ ಅದ. ಮುಂದಿಂದು ಎಳಕೊಂಡದ. ನೆನಿಸಲಾರದ ಬಟ್ಟಿ ಅಲ್ಲೇನು? ನಾ ಅವತ್ತೇ ಬಡಕೊಂಡ್ನಿ."

ಗೊಲ್ಲಾಳಪ್ಪ ಹಿಂದಿನ ಅಂಚನ್ನು ಕೈಗೆತ್ತಿಕೊಂಡ. "ಹಿಂದ ಒಂದು ಕೂಸಿನ ಜೋಳಿಗಿ ಕಟ್ತಿದ್ರು. ಅದರ ಭಾರಕ್ಕ..."

"ಬಟ್ಟಿಗಿ ಕಟ್ತಿದ್ರೋ, ಕೊಳವಿಗೋ?"

"ಕೊಳವಿಗಿ."

"ಮತ್ತ? ಕೊಳವಿ ಭಾರ ಕಂಬ ಹೊರತದ. ಬಟ್ಟಿಗೇನು ಸಂಬಂಧ?" ಎಂದು ಫಕೀರಸಾಬ ನಕ್ಕುಬಿಟ್ಟ. ಪಾಪ, ಅವನಿಗೇನು ಗೊತ್ತು.

ಗೊಲ್ಲಾಳಪ್ಪ ಅಲ್ಲೇ ಕಲ್ಲಿನ ಮೇಲೆ ಕೂತ. ಆ ಕಂಬಗಳನ್ನು ದಿನಾ ನಿಲ್ಲಿಸುತ್ತಿದ್ದವನು ಅವನೇ. ಕೊಳವೆಯ ಭಾರ ಎಲ್ಲಿ ಕೂರುತ್ತದೆಂದು ಅವನಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೋಪ ಬಂದ ಒಂದು ಗಳಿಗೆ ಅಷ್ಟು ಸಣ್ಣ ಸಂಗತಿ ತಲೆಯಿಂದ ಹಾರಿಹೋಗಿತ್ತು. ಈ ಸಲ ಹೊಸ ತುಂಡು ಎರಡು ದಿನ ನೀರಲ್ಲಿ ನೆನೆಯಿತು, ಒಣಗಿತು, ಆಮೇಲೆ ಹೊಲಿಗೆ ಬಿತ್ತು. ಗಾಡಿಗೆ ಕಟ್ಟಿ ತಿರುಗಿಸಿದರೆ ಎರಡು ತುದಿಯೂ ಒಟ್ಟೊಟ್ಟಿಗೆ ಕೊಕ್ಕೆಗೆ ಬಂದು ಕೂತವು. ಅದನ್ನು ನೋಡಿ ಅವನಿಗೆ ಅಳು ಬಂತು.

ಸೋಮವಾರ ಗಾಡಿ ನಿಲ್ಲಿಸಿದವನೇ ಗುಡಿಸಲ ಕಡೆ ನಡೆದ. ಅವಳು ಕಂಡಾಪಟ್ಟೆ ಬೈದರೆ ಬೈಸಿಕೊಳ್ಳಬೇಕು, ಉಗುಳಿದರೆ ಒರೆಸಿಕೊಳ್ಳಬೇಕು, ಕೈ ಹಿಡಿದು ಎಳೆದಾದರೂ ಗುಳಿಗೆ ನುಂಗಿಸಬೇಕು ಎಂದುಕೊಂಡು ಹೋದ. ಸಾಬಮ್ಮ ಕೌದಿಯ ಮೇಲೆ ಮಲಗಿದ್ದಳು. ಕೆನ್ನೆಯ ಕಳೆ ಹೋಗಿ ಎಲುಬು ಎದ್ದಿತ್ತು. ಅತ್ತೆ ಭೀಮಬಾಯಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಗಾಳಿ ಬೀಸುತ್ತಿದ್ದಳು. ಅವನನ್ನು ಕಂಡ ಕೂಡಲೇ ಸಾಬಮ್ಮ ಗಡಬಡಿಸಿ ಎದ್ದು ಕೂತು ಸೆರಗು ಸರಿಮಾಡಿಕೊಂಡಳು.

"ಅಣ್ಣಾ, ಚಪ್ಪರ ರಿಪೇರಿ ಆಯ್ತೇನ್ರಿ?"

ಮೊದಲ ಮಾತೇ ಅದು.

"ಆಯ್ತವ್ವ. ನೀ ಯಾಕ ಬರ್ಲಿಲ್ಲ? ಗುಳಿಗಿ ಬಿಡಬಾರದಂತ ಸಾಹೇಬ್ರು ಹೇಳಿರ್ಲಿಲ್ಲೇನು?"

"ಹ್ಯಾಂಗ ಬರ್ಲಿರಿ? ಸರ್ಕಾರದ ಸಾಮಾನ ಹಾಳ ಮಾಡಿ ಯಾವ ಮಾರಿ ತಗೊಂಡು ಬರ್ಲಿ? ನನ್ನ ಸಲುವಾಗಿ ಮಂದಿ ನಿಮಗ ನಕ್ಕರು. ಚಪ್ಪರ ನೆಟ್ಟಗಾದ ಮ್ಯಾಲ ಹೋದ್ರಾತು ಅಂತ ಕುಂತಿದ್ನಿ. ದೂರಿಂದ ನೋಡ್ತಿದ್ನಿ, ಸೊಟ್ಟೇ ಇರ್ತಿತ್ತು."

ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಅವನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದ. ಕೋರಾ ಬಟ್ಟೆ, ಫಕೀರಸಾಬನ ಮಾತು, ತನ್ನ ಅವಸರ, ಹಗ್ಗದ ಅಳತೆ, ಎಲ್ಲ. "ನಿಂದೇನೂ ತಪ್ಪಿಲ್ಲ ತಂಗಿ. ಪೂರಾ ನಂದು."

ಸಾಬಮ್ಮ ಸಮಾಧಾನದಿಂದ ಕೇಳಿಸಿಕೊಂಡಳು. ಆಮೇಲೆ ಸಣ್ಣಗೆ ನಕ್ಕಳು.

"ಇರ್ಲಿ ಬಿಡ್ರಿ ಅಣ್ಣಾ. ಬ್ಯಾನಿ ಬಿದ್ದಾಕಿ ಮನಸಿಗಿ ಹತ್ತಬಾರದಂತ ಹೀಂಗ ಹೇಳ್ತೀರಿ. ಅಷ್ಟೂ ತಿಳಿಯಂಗಿಲ್ಲೇನು ನನಗ?"

"ಶರಣಬಸಪ್ಪನ ಆಣಿ, ಖರೇ ಹೇಳ್ತೀನಿ!"

"ಆಣಿ ಯಾಕ ಮಾಡ್ತೀರಿ, ಬಿಡ್ರಿ." ಅವಳು ಅತ್ತೆಯ ಕಡೆ ತಿರುಗಿದಳು. "ನೋಡತ್ತಿ, ತಪ್ಪು ನಂದಾದ್ರೂ ಅಣ್ಣ ತನ್ನ ಮ್ಯಾಲ ಹಾಕ್ಕೊಳ್ಳಾಕತ್ಯಾನ. ಎಂಥಾ ಮನಿಷಾ!"

ಗೊಲ್ಲಾಳಪ್ಪ ಎದ್ದು ಡಾಕ್ಟರನ್ನು ಕರೆತರಲು ಓಡಿದ. ನಾಗೇಂದ್ರಪ್ಪನವರು ಬಂದು ಎದೆ ಪರೀಕ್ಷೆ ಮಾಡಿ, ಇಲ್ಲಿ ಆಗುವ ಕೆಲಸವಲ್ಲವೆಂದು ಅವಳನ್ನು ಗಾಡಿಯಲ್ಲೇ ಕಲಬುರಗಿಯ ದೊಡ್ಡ ದವಾಖಾನೆಗೆ ಕರೆದೊಯ್ದರು. ದಾರಿಯಲ್ಲಿ ಅವರು ಮುಂದೆ ಅವನ ಪಕ್ಕದಲ್ಲಿ ಕೂತಿದ್ದರು.

"ತವರಿಗಿ ಹೋಗ್ಯಾಳಂತ ಹೇಳಿದ್ದಿ."

"ಸುಳ್ಳ ಹೇಳಿದ್ನಿರಿ."

ಡಾಕ್ಟರು ಅವನನ್ನು ಒಮ್ಮೆ ನೋಡಿ ಮುಖ ಹೊರಳಿಸಿದರು. ಕಲಬುರಗಿ ಬರುವವರೆಗೂ ಹಿಂದಿನಿಂದ ಕೆಮ್ಮು ಮಾತ್ರ ಕೇಳುತ್ತಿತ್ತು.

ಎಳ್ಳಮವಾಸ್ಯೆಗೆ ಮುಂಚೆ ಸಾಬಮ್ಮ ತೀರಿಕೊಂಡಳು.

ಕೆಲವು ವಾರಗಳ ಮೇಲೆ ಭೀಮಬಾಯಿ ಕೂಸನ್ನು ಬಗಲಲ್ಲಿ ಹೊತ್ತುಕೊಂಡು ಗಾಡಿಯ ಹತ್ತಿರ ಬಂದಳು. ಕೂಸಿಗೆ ನೆಗಡಿ. ಗೊಲ್ಲಾಳಪ್ಪ ಅವಳ ಕೈಯಿಂದ ಹಳೇ ಸೀರೆ ಇಸಿದುಕೊಂಡು ಹಿಂದಿನ ಕಂಬದ ಬಳಿ ತಾನೇ ಜೋಳಿಗೆ ಕಟ್ಟಿದ. ಕೂಸನ್ನು ಮಲಗಿಸಿ ತೂಗಿದ. ಅದು ನಿದ್ದೆ ಹೋಯಿತು.

"ಅಕಿ ಸಾಯೋತನಕ ನಿನ್ನ ಹೆಸರ ತಗೀತಿದ್ಲು ಯಪ್ಪಾ" ಎಂದಳು ಭೀಮಬಾಯಿ. "ನಾ ಹಾಳ ಮಾಡಿದ್ರೂ ಅಣ್ಣ ತಾನೇ ಮಾಡೀನಿ ಅಂತ ಆಣಿ ಮಾಡ್ದ, ಒಡಹುಟ್ಟಿದಾಂವ ಸುದ್ದಾ ಹಂಗ ಅಂತಿರ್ಲಿಲ್ಲ ಅಂತಿದ್ಲು."

"ಇಲ್ಲಬೇ, ಅದು ಖರೇನೇ ನಾ..."

"ಗೊತ್ತದ ಬಿಡಪಾ, ಗೊತ್ತದ" ಎಂದು ಮುದುಕಿ ಅವನ ಕೈ ತಟ್ಟಿದಳು.

ಅವನು ನೀರು ತರಲು ಹೋಗಿ ಬರುವಷ್ಟರಲ್ಲಿ ಅವಳು ಜೋಳಿಗೆಯ ಗಂಟು ಬಿಚ್ಚುತ್ತಿದ್ದಳು. ಬಿಸಿಲು ಇನ್ನೂ ನೆತ್ತಿಯ ಮೇಲಿತ್ತು. ಕೂಸು ಅರೆನಿದ್ದೆಯಲ್ಲಿ ಮುಲುಗುತ್ತಿತ್ತು.

"ಯಾಕಬೇ? ಮಲಗ್ಯಾಳಲ್ಲ, ಮಲಗಲಿ ಬಿಡು."

"ಬ್ಯಾಡ ಯಪ್ಪಾ, ಇಷ್ಟ ಹೊತ್ತ ಸಾಕು. ಭಾಳ ಹೊತ್ತ ಕಟ್ಟಿದ್ರ ಮತ್ತ ಸೊಟ್ಟ ಆಗ್ತದ. ಕೂಸಿಗಿ ಅಲ್ಲಿ ಕಟ್ಟಬ್ಯಾಡ, ಅಣ್ಣಗ ತ್ರಾಸ ಆಗ್ತದ ಅಂತ ಸೊಸಿ ಹೇಳೇ ಹೋಗ್ಯಾಳ."

ಮುದುಕಿ ಸೀರೆಯನ್ನು ಮಡಚಿ, ಕೂಸಿನ ತಲೆಗೆ ಸೆರಗು ಮುಚ್ಚಿಕೊಂಡು ಬಿಸಿಲಿಗಿಳಿದಳು. ಗೊಲ್ಲಾಳಪ್ಪ ಕೂಗಬೇಕೆಂದುಕೊಂಡ. ಏನೆಂದು ಕೂಗುವುದು? ಕೊಳವೆಯ ಹಿಂದಿನ ತುದಿಯನ್ನು ಹಿಡಿದುಕೊಂಡು, ಅವಳು ಗುಡಿಸಲು ಸೇರುವವರೆಗೂ ನೋಡುತ್ತ ನಿಂತ.