ಹೊಲಿದ ಕಿವಿ

ಆಸ್ಪತ್ರೆಗೆ ಫೋನು ಮಾಡಿ ಕೇಳಿದ್ದೇನೆ ಎಂದು ಸುಶೀಲವ್ವ ಸೊಸೆಗೆ ಹೇಳಿದ್ದು ಶುದ್ಧ ಸುಳ್ಳು. ಹೇಳುವಾಗ ಅದು ಅಷ್ಟು ದೊಡ್ಡ ಸುಳ್ಳು ಎಂದು ಅವಳಿಗೆ ಅನ್ನಿಸಿರಲಿಲ್ಲ. ಮಗಳು ಭಾಗ್ಯಶ್ರೀಯ ಮದುವೆ ಮುಂದಿನ ವಾರವೇ ಇತ್ತು. ಅರಿಷಿಣ ಹಚ್ಚುವ ಐವರು ಮುತ್ತೈದೆಯರಲ್ಲಿ ಮನೆಯ ಸೊಸೆ ಮಲ್ಲಿಕಾ ಮೊದಲು ಕೂರಬೇಕು. ಅವಳ ಎಡಗಿವಿ ನೋಡಿದರೆ ಬೋಳು.

ಆ ಕಿವಿ ಹಾಗಾದದ್ದೂ ಸುಶೀಲವ್ವನಿಂದಲೇ. ತನ್ನ ಅತ್ತೆಯ ಕಾಲದ ಭಾರದ ಝುಮಕಿಯನ್ನು ಹಬ್ಬ ಹುಣ್ಣಿಮೆಗೆಲ್ಲ ಸೊಸೆಗೆ ಹಾಕಿಸಿದ್ದಳು. ಜೋತು ಜೋತು ತೂತು ಸೀಳಾಯಿತು. ಒಂದು ದಿನ ಕಿವಿಯ ಹಾಲೆ ಹರಿದೇ ಹೋಯಿತು. ಹುಬ್ಬಳ್ಳಿಯ ಡಾಕ್ಟರು ಗುರುತು ಕಾಣದ ಹಾಗೆ ಹೊಲಿದು ಕೊಟ್ಟಿದ್ದರು. "ಮ್ಯಾಲ ಮಾಗಿದಂಗ ಕಂಡ್ರೂ ಒಳಗ ಹಸಿ ಇರ್ತದ್ರಿ. ಕಡಿಮಿ ಅಂದ್ರೂ ಮೂರು ತಿಂಗಳು ಚುಚ್ಚಿಸಬ್ಯಾಡ್ರಿ, ಆರಾದ್ರ ಇನ್ನೂ ಚಲೋ. ಆಮ್ಯಾಲೂ ಹೊಲಿಗಿ ಗೆರಿ ಮ್ಯಾಲ ಬ್ಯಾಡ, ಬಾಜೂಕ. ಮೊದಲ ನನಗ ತೋರಿಸ್ರಿ" ಎಂದಿದ್ದರು. ಸುಶೀಲವ್ವ ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಎರಡು ತಿಂಗಳೂ ತುಂಬಿರಲಿಲ್ಲ. ಹಾನಗಲ್ಲಿನಿಂದ ನಾದಿನಿ ಗೌರವ್ವ ಮದುವೆ ಕೆಲಸಕ್ಕೆ ಶಿಗ್ಗಾಂವಿಗೆ ಬಂದವಳು ಚೀಲ ಕೆಳಗಿಡುವ ಮೊದಲೇ ಸೊಸೆಯ ಕಿವಿ ನೋಡಿದಳು.

"ಅಯ್ಯ ಶಿವನ! ಬೋಳಗಿವಿಯಾಕಿ ಕಡಿಂದ ಅರಿಷಿಣ ಹಚ್ಚಿಸ್ತೀಯೇನ ವೈನಿ? ಬೀಗರು ನೋಡಿ, ಇವ್ರ ಮನ್ಯಾಗ ಗುಂಜಿ ಬಂಗಾರಕ್ಕೂ ಬರ ಬಂದೈತಿ ಅಂತಾರ."

"ಅಂಟಿಸೂ ಓಲಿ ಸಿಗ್ತಾವ್ರಿ ಅತ್ತೀ," ಎಂದಳು ಮಲ್ಲಿಕಾ ಮೆಲ್ಲಗೆ. "ಒಂದು ದಿನದ ಮಾತಲ್ರಿ."

"ಗೋಂದು ಹಚ್ಚಿದ ಮುತ್ತೈದಿತನ ಯಾವ ಪ್ಯಾಟ್ಯಾಗ ಮಾರ್ತಾರವಾ?" ಎಂದು ಗೌರವ್ವ ನಕ್ಕಳು. ಅಕ್ಕಿ ಆರಿಸುತ್ತಿದ್ದ ಹೆಂಗಸರೆಲ್ಲ ನಕ್ಕರು. ಸುಶೀಲವ್ವನಿಗೆ ಮಾತ್ರ ನಗು ಬರಲಿಲ್ಲ.

ಅಂದು ಸಂಜೆಯೇ ಅವಳು ಸೊಸೆಯನ್ನು ಹಿತ್ತಲಿಗೆ ಕರೆದು ಆ ಮಾತು ಹೇಳಿದಳು. ಆಸ್ಪತ್ರೆಗೆ ಫೋನು ಹಚ್ಚಿದ್ದೆ, ಅಡ್ಡಿಯಿಲ್ಲ ಅಂದರು ಎಂದು. ಮಲ್ಲಿಕಾಳ ಮುಖ ಅರಳಿತು.

"ಖರೇನ ನೀವ ಕೇಳಿದ್ರೇನ್ರಿ ಅತ್ತೀ?"

"ಹೂಂನವಾ."

ಮರುದಿನ ಕಿವಿ ಚುಚ್ಚುವ ಪತ್ತಾರ ಮೌನೇಶಪ್ಪ ಮನೆಗೆ ಬಂದ. ಹೊಲಿಗೆಯ ಗುರುತು ನೋಡಿ, "ಡಾಕ್ಟರು ಹೂಂ ಅಂದಾರಲ್ರಿ ಅಕ್ಕಾರ?" ಎಂದು ಕೇಳಿದ. ಅಂದಾರ ಎಂದಳು ಸುಶೀಲವ್ವ. ಅಷ್ಟಕ್ಕೇ ನಿಲ್ಲಲಿಲ್ಲ, ಎರಡೂ ಕಿವಿ ಸಮ ಕಾಣಲಿ, ಹಳೆಯ ಗುರುತಿನ ಮೇಲೇ ಚುಚ್ಚು ಎಂದೂ ಹೇಳಿದಳು. ಬಂಗಾರದ ತಂತಿ ಒಳಗೆ ಹೋಗುವಾಗ ಮಲ್ಲಿಕಾ ಅತ್ತೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮದುವೆ ಸಾಂಗವಾಗಿ ಆಯಿತು. ತಂತಿ ತೆಗೆದು ಹಾಕಿದ ಮಲ್ಲಿಕಾಳ ಝುಮಕಿಯನ್ನು ಬೀಗರು ಹೊಗಳಿದರು. ಮಗಳನ್ನು ಕಳಿಸಿಕೊಟ್ಟು ಮನೆ ಖಾಲಿಯಾಗುವ ಹೊತ್ತಿಗೆ ಮಲ್ಲಿಕಾಳ ಕಿವಿ ಬಾತು ಕೆಂಪಗಾಗಿ ಕೀವು ತುಂಬಿತ್ತು. ಝುಮಕಿ ಬಿಚ್ಚಲು ಹೋದರೆ ಹೊಲಿಗೆಯ ಗೆರೆಗುಂಟ ಹಾಲೆ ಮತ್ತೆ ಸೀಳಿತು. ಸೊಸೆ ಚೀರಲಿಲ್ಲ. "ಆಸ್ಪತ್ರಿಯವ್ರು ಹಂಗ ಯಾಕ ಹೇಳಿದ್ರೋ ಏನೋ," ಎಂದಳಷ್ಟೆ.

ಹುಬ್ಬಳ್ಳಿಯಲ್ಲಿ ಡಾಕ್ಟರು ಕಿವಿಗೆ ಕಟ್ಟಿದ ಅರಿವೆ ಬಿಚ್ಚಿ ನೋಡಿ ಕನ್ನಡಕ ತೆಗೆದರು.

"ಇಷ್ಟ್ ಲಗೂನ ಚುಚ್ಚಿಸ್ರಿ ಅಂತ ಯಾರು ಹೇಳಿದ್ರು?"

"ಇಲ್ಲಿಂದನ ಹೇಳಿದ್ರಂತ್ರಿ," ಎಂದಳು ಮಲ್ಲಿಕಾ. "ನಮ್ಮತ್ತಿ ಫೋನ್ ಹಚ್ಚಿ ಕೇಳಿದ್ರು."

ಡಾಕ್ಟರು ಬಾಗಿಲ ಕಡೆ ತಿರುಗಿ, "ನುಜಹತ!" ಎಂದು ಕೂಗಿದರು. ಫೋನು ಎತ್ತಿಕೊಳ್ಳುವ ಹುಡುಗಿ ಒಳಗೆ ಬಂದಳು, ಕೆಲಸಕ್ಕೆ ಹೊಸಬಳು. "ನನ್ನ ಕೇಳದನ, ಪೇಶಂಟಿಗೆ ಹೂಂ ಅಂತೀ? ನಾಳಿಂದ ಮನ್ಯಾಗ ಕುಂದ್ರು."

"ಇಲ್ರೀ ಸರ್, ನಾ ಅಂದಿಲ್ರಿ. ಅಲ್ಲಾನ ಆಣಿ, ಇವ್ರ ಫೋನ ಬಂದಿಲ್ರಿ," ಎಂದಳು ಹುಡುಗಿ. ಆಕೆಯ ವಯಸ್ಸು ಭಾಗ್ಯಶ್ರೀಯಷ್ಟೇ ಇದ್ದೀತು.

ಸುಮ್ಮನಿದ್ದರೆ ಎಲ್ಲವೂ ಅಲ್ಲಿಗೇ ಮುಗಿದುಹೋಗುತ್ತಿತ್ತು. ಸುಮ್ಮನಿರಬೇಕೆಂದೇ ಸುಶೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಆದರೆ ಹುಡುಗಿ ಈಗ ಅವಳನ್ನೇ ನೋಡುತ್ತಿದ್ದಳು.

"ಆಕಿಗೆ ಬೈಬ್ಯಾಡ್ರಿ. ನಾ ಫೋನ್ ಹಚ್ಚೇ ಇಲ್ಲ."

ಕೆಲಸ ನೋಡಿಕೋ ಹೋಗು ಎಂದು ಡಾಕ್ಟರು ಹುಡುಗಿಯನ್ನು ಕಳಿಸಿದರು. ಕೀವು ಆರಬೇಕು, ಗಾಯ ಪೂರ್ತಿ ಮಾಗಬೇಕು, ಆಮೇಲೆ ಮತ್ತೆ ಹೊಲಿಗೆ, ಅದಾದ ಮೇಲೆ ಮತ್ತೆ ತಿಂಗಳುಗಟ್ಟಲೆ ಕಾಯುವುದು ಎಂದರು. ಎಲ್ಲವನ್ನೂ ಮಲ್ಲಿಕಾಳ ಮುಖ ನೋಡಿಯೇ ಹೇಳಿದರು.

ಬಸ್ ಸ್ಟ್ಯಾಂಡಿನವರೆಗೆ ಸೊಸೆ ಮುಂದೆ ಮುಂದೆ ನಡೆದಳು. ಮಲ್ಲಿಕಾಳ ತವರು ಸವಣೂರಿನ ಬಸ್ಸು ನಿಂತಿತ್ತು, ಶಿಗ್ಗಾಂವಿನ ಮೇಲೇ ಹೋಗುವಂಥದು. ಕೂತ ಮೇಲೆ ಮಲ್ಲಿಕಾ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು:

"ಚುಚ್ಚಿಸ್ಕೋ ಅಂತ ಹುಕುಂ ಮಾಡಿದ್ರ ಒಲ್ಲೆ ಅಂತಿದ್ದೆ ನಾ. ಜಗಳಾನೂ ಮಾಡ್ತಿದ್ದೆ. ಫೋನ್ ಹಚ್ಚಿ ಕೇಳೀನಿ ಅಂದ್ರಿ ನೋಡ್ರಿ, ಇಷ್ಟ್ ವರ್ಷದಾಗ ಮೊದಲನೇ ಸಲ ಅತ್ತಿಗೆ ನನ್ನ ಕಾಳಜಿ ಬಂತು ಅನ್ಕೊಂಡೆ. ಅದಕ್ಕ ಕಿವಿ ಕೊಟ್ಟೆ."

ಬೈದಿದ್ದರೆ ಸುಶೀಲವ್ವ ತಡೆದುಕೊಳ್ಳುತ್ತಿದ್ದಳು.

"ಕಿವಿ ಮಾಗೂ ತನಕ ಅವ್ವನ ಮನ್ಯಾಗ ಇರ್ತೇನ್ರಿ," ಎಂದಳು ಮಲ್ಲಿಕಾ. "ಅವ್ವ ಕೇಳಿದ್ರ ಆಸ್ಪತ್ರಿಯವ್ರ ತಪ್ಪು ಅಂತೇನಿ. ನಿಮ್ಮ ಹೆಸರು ಎತ್ತಂಗಿಲ್ಲ. ನೀವು ಶಿಗ್ಗಾಂವದಾಗ ಇಳೀರಿ."

ಹೆಸರು ಎತ್ತುವುದಿಲ್ಲ ಎಂಬ ಆ ಮಾತೇ ಸುಶೀಲವ್ವನ ಎದೆಗೆ ನಾಟಿತು. ತಾನು ಹೇಳಿದ ಸುಳ್ಳನ್ನು ಇನ್ನು ಮೇಲೆ ಈ ಹುಡುಗಿ ಹೊತ್ತು ತಿರುಗಬೇಕು, ಅದೂ ಹೆತ್ತವ್ವನ ಮುಂದೆ.

ಕಂಡಕ್ಟರ್ ಬಂದ. ಮಲ್ಲಿಕಾ ಆಧಾರ್ ಕಾರ್ಡು ತೋರಿಸಿ, "ಒಂದು ಸವಣೂರು, ಒಂದು ಶಿಗ್ಗಾಂವ" ಎಂದಳು.

"ಎರಡೂ ಸವಣೂರು ಕೊಡಪಾ," ಎಂದು ಸುಶೀಲವ್ವ ತನ್ನ ಕಾರ್ಡನ್ನು ಮುಂದೆ ಚಾಚಿದಳು.

"ನೀವು ಯಾಕ್ರಿ?"

"ನಿಮ್ಮವ್ವಗ ನಾನ ಹೇಳ್ತೇನಿ."

ಕಂಡಕ್ಟರ್ ಸವಣೂರಿನ ಎರಡು ಚೀಟಿ ಹರಿದುಕೊಟ್ಟು ಮುಂದೆ ಹೋದ.