ಮಳೆಗೂ ನಿಲ್ಲದ ಜೀರುಂಡೆ

ಕೊಡಗು ತನ್ನದೇ ಒಂದು ರಾಜ್ಯವಾಗಿದ್ದ ಕಾಲ. ಸುಂಟಿಕೊಪ್ಪದ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ನಾನು ನೆರಳುಮರಗಳ ಕೊಂಬೆ ಕಡಿಯುತ್ತಿದ್ದೆ. ಕೆಮ್ಮಿದಾಗ ರಕ್ತ ಬಿತ್ತು. ಕ್ಷಯವೆಂದು ತಿಳಿದ ದಿನವೇ ಲೆಕ್ಕ ಬರೆಯುವ ರೈಟರು ನನ್ನನ್ನು ಕೂಲಿಗಳ ಲೈನ್‌ಮನೆಯಿಂದ ಎಬ್ಬಿಸಿ ತೋಟದಂಚಿನ ಗುಡಿಸಲಿಗೆ ಕಳಿಸಿದರು.

ತಂಗಿ ಚಲುವಮ್ಮ ಮುದ್ದೆ ತಂದು ಹಲಸಿನ ಮರದ ಬುಡದಲ್ಲಿಟ್ಟು, ಹಿಂದೆ ಸರಿದು ನಿಂತು ಮಾತಾಡಿಸುತ್ತಿದ್ದಳು. ಅವಳಿಗೆ ಎಳೆಮಕ್ಕಳು. ಹತ್ತಿರ ಬಾ ಎನ್ನಲು ನನಗೆ ಬಾಯಿ ಬರಲಿಲ್ಲ. ಇಡೀ ದಿನಕ್ಕೆ ನನಗೆ ದಕ್ಕುತ್ತಿದ್ದ ಮನುಷ್ಯರೆಂದರೆ ಆ ದನಿಯೊಂದೇ.

ಪೇಟೆಯ ಆಸ್ಪತ್ರೆಗೆ ನಡೆದು ಹೋಗಿ ಸ್ಟ್ರೆಪ್ಟೊಮೈಸಿನ್ ಸೂಜಿ ಹಾಕಿಸಿಕೊಂಡು ಬರುತ್ತಿದ್ದೆ. ಜೊತೆಗೆ ನುಂಗಲು ಒಂದು ಕಹಿ ಪುಡಿಯನ್ನೂ ಕೊಟ್ಟಿದ್ದರು. ಡಾಕ್ಟರು ಮೊದಲೇ ಹೇಳಿದ್ದರು:

"ಸಣ್ಣಸ್ವಾಮಿ, ಈ ಸೂಜಿ ಎದೆ ಉಳಿಸ್ತದೆ, ಕೆಲವರ ಕಿವಿ ತಿಂತದೆ. ಕಿವಿ ಗುಂಯ್ ಅಂದ್ರೆ, ತಲೆ ತಿರುಗಿದ್ರೆ, ಅವತ್ತೇ ಬಂದು ಹೇಳು. ನೀನಾಗಿ ಮಾತ್ರ ನಿಲ್ಲಿಸ್ಬೇಡ."

ಅದು ಬೇಸಗೆ. ತೋಟದ ತುಂಬ ಜೀರುಂಡೆ ಕೂಗು. ಕಿವಿಯಲ್ಲಿ ಜಿರ್ರೆಂದರೆ ಜೀರುಂಡೆಯೆಂದೇ ತಿಳಿದೆ. ತೋಟದಲ್ಲಿ ಬೆಳೆದವನು ಇನ್ನೇನೆಂದುಕೊಂಡಾನು? ನಿನಗೂ ಕೇಳಿಸುತ್ತದೆಯೇ ಎಂದು ವಿಚಾರಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಮಳೆ ಬಿಟ್ಟು ಹೊಳವಾದಾಗ, ಮಳೆಗೆ ತಲೆಯ ಮೇಲಿಂದ ಹೊದೆಯುವ ಎಲೆಯ ಗೊರಗ ಹೊದ್ದು ಬಂದ ಚಲುವಮ್ಮನಿಗೆ, ಈ ಸಲ ಮಳೆಗೂ ಜೀರುಂಡೆ ಬಾಯಿ ಮುಚ್ಚಲಿಲ್ಲವಲ್ಲ ಎಂದೆ.

"ಯಾವ ಜೀರುಂಡೆ ಅಣ್ಣಯ್ಯ? ಮಳೆ ಬಿದ್ಮೇಲೆ ಒಂದೂ ಉಸ್ರೆತ್ತಿಲ್ಲ. ನಿನ್ ತಲೇಲೇ ಗೂಡು ಕಟ್ಟವೇನೋ" ಎಂದು ನಕ್ಕಳು.

ಡಾಕ್ಟರು ಹೇಳಿದ್ದ ಗುಂಯ್ ಇದೇ ಎಂದು ಆಗ ಹೊಳೆಯಿತು. ಕಿವಿ ಹೋದರೆ ಅವಳ ದನಿಯೂ ಹೋಯಿತು. ಇನ್ನು ಸೂಜಿಯೇ ಬೇಡ ಎನಿಸಿತು. ಆದರೆ ಪಕ್ಕದ ಎಸ್ಟೇಟಿನ ನಿಂಗ ಕೆಮ್ಮು ಇಳಿಯಿತೆಂದು ತಾನೇ ಔಷಧಿ ಬಿಟ್ಟಿದ್ದ. ರೋಗ ಮರಳಿದಾಗ ಅದೇ ಔಷಧಿ ಅವನಿಗೆ ಹತ್ತಲಿಲ್ಲ. ಅವನನ್ನು ಮಣ್ಣು ಮಾಡಿದ್ದನ್ನು ನೋಡಿದ್ದೆ. ಅದೇ ಮಳೆಯಲ್ಲಿ ಪೇಟೆಗೆ ನಡೆದೆ.

ಡಾಕ್ಟರು ಬೆನ್ನ ಹಿಂದೆ ನಿಂತು ಮೆಲ್ಲಗೆ ಮಾತಾಡಿ ಪರೀಕ್ಷೆ ಮಾಡಿದರು. ಎಡಗಿವಿಗೆ ಏನೂ ಬೀಳಲಿಲ್ಲ, ಬಲಗಿವಿಗೆ ಅಷ್ಟಿಷ್ಟು ಬಿತ್ತು. ತಡವಾಗಿ ಬಂದೆನೆಂದು ಅವರು ಬೈಯಲಿಲ್ಲ. ಸೂಜಿ ನಿಲ್ಲಿಸಿದರು, ಪುಡಿಯ ಜೊತೆಗೆ ಆಗಷ್ಟೇ ಬಂದಿದ್ದ ಹೊಸ ಮಾತ್ರೆ ಕೊಟ್ಟರು. ಹೋದದ್ದು ಬರುವುದಿಲ್ಲ, ಉಳಿದದ್ದು ಉಳಿದೀತು ಎಂದರು.

ಮರುವರ್ಷ ಹಣ್ಣು ಕೊಯ್ಲಿನ ಹೊತ್ತಿಗೆ ಕಫದಲ್ಲಿ ರೋಗವಿಲ್ಲವೆಂದು ಹೇಳಿ ಲೈನಿಗೆ ಕಳಿಸಿದರು. ಜನ ಮಾತಾಡಿಸಿದರು, ಅಂಗಳದ ಆಚೆ ನಿಂತು. ಅಷ್ಟು ದೂರದ ಮಾತು ನನಗೆ ಮುಟ್ಟುತ್ತಿರಲಿಲ್ಲ. ತುಟಿ ಆಡುವುದು ನೋಡಿ ತಲೆಯಾಡಿಸುತ್ತಿದ್ದೆ. ಬರಬರುತ್ತ ಅವರೂ ಸುಮ್ಮನಾದರು.

ನಾನು ಕೇಳಿಸದೆಯೇ ತಲೆಯಾಡಿಸುವುದನ್ನು ಚಲುವಮ್ಮ ಒಂದು ದಿನ ಗಮನಿಸಿದಳು. ಅಂಗಳ ದಾಟಿ ಬಂದು ನನ್ನ ಬಲಗಡೆ ಕೂತಳು.

"ಸಾರು ಖಾರಾಗಿತ್ತಾ ಅಣ್ಣಯ್ಯ?" ಎಂದಳು.

ಇಲ್ಲವೆಂದೆ. ಅವಳು ಏಳಲಿಲ್ಲ.